ಜರಡಿ ಹಿಡಿಯುವ ಕೈ

ನನ್ನ ಗಂಡ ಇಲಿಗಳ ಹೊಟ್ಟೆಯ ಲೆಕ್ಕ ಇಟ್ಟೇ ದೊಡ್ಡ ಮನುಷ್ಯರಾದವರು. ಯಾವ ಇಲಿ ಎಷ್ಟು ತಿಂದಿತು, ತಿಂದದ್ದರಲ್ಲಿ ಎಷ್ಟನ್ನು ಉರಿಸಿತು, ಎಷ್ಟನ್ನು ಕೊಬ್ಬಾಗಿ ಕೂಡಿಟ್ಟಿತು, ಕಡಿಮೆ ತಿಂದ ಇಲಿ ಹೆಚ್ಚು ಕಾಲ ಬದುಕುತ್ತದೆಯೇ, ಇದೇ ಅವರ ಜೀವಮಾನದ ಕೆಲಸ. ಮದುವೆಯಾದ ಹೊಸದರಲ್ಲಿ ಒಮ್ಮೆ ನನಗೆ ಪ್ರಯೋಗಾಲಯ ತೋರಿಸಿದ್ದರು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು, ಒಳಗೆ ಮರದ ಹೊಟ್ಟಿನ ಹಾಸಿಗೆ, ಅದರ ಮೇಲೊಂದು ಇಲಿ. ಇವರು ಒಂದು ಡಬ್ಬಿಯ ಹೊಟ್ಟನ್ನೆಲ್ಲ ಜರಡಿಗೆ ಸುರಿದು, ಮೆಲ್ಲಗೆ ಆಡಿಸಿ, ಕೆಳಗೆ ಉದುರಿದ ಪುಡಿಯಲ್ಲಿದ್ದ ತಿನಿಸಿನ ಚೂರುಗಳನ್ನು ಚಿಮುಟದಿಂದ ಆಯ್ದು ತೂಗಿದರು.

"ಇವು ಮಹಾ ಕಳ್ಳಮುಂಡೇವು. ತಿಂದ ಹಾಗೆ ಮಾಡಿ ಹೊಟ್ಟಿನಲ್ಲಿ ಬಚ್ಚಿಡ್ತವೆ. ಜರಡಿ ಹಿಡೀದೆ ಯಾವ ಇಲೀನೂ ನಂಬಬಾರದು," ಎಂದರು.

"ಹೊಟ್ಟೆ ತುಂಬ ತಿಂದೂ ಸಣ್ಣ ಆದ್ರೆ?" ಸುಮ್ಮನೆ ಕೇಳಿದ್ದೆ.

"ಹಾಗಾದ್ರೆ ಒಳಗೇನೋ ರೋಗ ಇದೆ ಅಂತ. ತಕ್ಷಣ ಬೇರೆ ಇಟ್ಟು ಪಶುವೈದ್ಯರನ್ನ ಕರೀತೀವಿ."

ಇಲಿಗೆ ಎಷ್ಟೊಂದು ಮರ್ಯಾದೆ ಎಂದುಕೊಂಡಿದ್ದೆ.

ನಾನು ದಪ್ಪ. ಮದುವೆಗೆ ಮುಂಚೆಯೂ ದಪ್ಪಗಿದ್ದೆ, ಮಗಳು ಹುಟ್ಟಿದ ಮೇಲೆ ಕೇಳಬೇಡಿ. ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಕಂಡವರ ಸೊಂಟಕ್ಕೆಲ್ಲ ಟೇಪು ಸುತ್ತುವವಳ ಸೊಂಟಕ್ಕೆ ಟೇಪೇ ಸಾಲದು ಎನ್ನುವುದು ಇವರ ಹಳೆಯ ಜೋಕು. ಪ್ರೀತಿಯಿಂದ ಡುಮ್ಮಿ ಎನ್ನುತ್ತಿದ್ದರು. ನೆಂಟರ ಮುಂದೆ ಆ ಪ್ರೀತಿ ಇನ್ನೂ ಉಕ್ಕುತ್ತಿತ್ತು.

ಹೋದ ವರ್ಷ ಇಲಿಗಳ ಮೇಲೆ ಗೆದ್ದ ಪದ್ಧತಿಯನ್ನು ಮನೆಗೂ ತಂದರು. ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನ ತಕ್ಕಡಿಯಲ್ಲಿಟ್ಟು ತೂಗಿದ ಊಟ, ಹೊತ್ತು ಮುಳುಗುವ ಮುಂಚೆ ಇನ್ನೊಂದಿಷ್ಟು, ಅಲ್ಲಿಗೆ ಅಡುಗೆಮನೆ ಬಂದ್. ಹೂಂ ಅಂದೆ. ಇವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಆದರೆ ಹೊಟ್ಟೆ ತಾಳ ಹಾಕುತ್ತಿದ್ದರೆ ನನಗೆ ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ. ಹೊಲಿಗೆ ಮೇಜಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬದ ಹಿಂದೆ, ಬಿಸ್ಕತ್ತು, ಕಡಲೆಬೀಜ, ಬೆಣ್ಣೆ ಸವರಿದ ಬ್ರೆಡ್ಡು ಇಟ್ಟುಕೊಂಡೆ. ಇವರ ಕಾರು ಬೀದಿ ತಿರುಗುವುದೇ ತಡ, ಡ್ರಾಯರು ತೆರೆಯುತ್ತಿದ್ದೆ. ನನ್ನ ಮನೆಯಲ್ಲಿ, ನನ್ನ ದುಡಿಮೆಯ ಬ್ರೆಡ್ಡನ್ನು ಕಳ್ಳಿಯಂತೆ ತಿಂದೆ. ಮೊದಲಿಗಿಂತ ಹೆಚ್ಚೇ ತಿಂದೆ ಎನ್ನಬೇಕು. ಬೇಡ ಎಂದದ್ದಕ್ಕೆ ನಾಲಿಗೆ ಇನ್ನಷ್ಟು ಚಾಚುತ್ತದೆ.

ಆದರೂ ತೂಕ ಇಳಿಯಿತು. ಮೊದಮೊದಲು ನನಗೇ ನಗು. ಇವರಂತೂ ತೂಕದ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಳ್ಳು ನೋಡಿ ಹಿರಿಹಿರಿ ಹಿಗ್ಗಿದರು.

"ನೋಡಿದ್ಯಾ? ವಿಜ್ಞಾನ ಅಂದ್ರೆ ಇದು!"

ಬೆನ್ನಲ್ಲಿ ಒಂದು ಬಗೆಯ ನೋವು ಶುರುವಾಗಿತ್ತು. ಹೇಳಿದರೆ, "ಕೂತು ಕೂತು ಹೊಲೀತೀಯ, ಅದಕ್ಕೇ," ಎಂದರು. ನನ್ನ ಬಟ್ಟೆಗಳನ್ನೆಲ್ಲ ನಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದೆ. ಎರಡನೇ ಸಲ ಹಿಡಿಯುವಾಗ ನಂಬಿಕೆಯಾಗದೆ ಟೇಪನ್ನು ಮತ್ತೆ ಸುತ್ತಿ ನೋಡಿದೆ. ಈ ಡ್ರಾಯರಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ತಿಂದದ್ದು ಎಲ್ಲಿಗೆ ಹೋಗುತ್ತಿದೆ?

ಅಂದೇ ಹೇಳಿಬಿಡಬೇಕಿತ್ತು ಎನ್ನುತ್ತೀರಿ. ಹೇಗೆ ಹೇಳಲಿ? ಅದೇ ವಾರ ಇವರ ಭಾಷಣವಿತ್ತು. ದೊಡ್ಡ ಸಭಾಂಗಣ, ಪರದೆಯ ಮೇಲೆ ಒಂದು ದಪ್ಪ ಇಲಿ, ಆಮೇಲೆ ಒಂದು ಸಣ್ಣ ಇಲಿ. ಅದಾದ ಮೇಲೆ ನಾನು. ಮೊದಲು ದಪ್ಪ ನಾನು, ಪಕ್ಕದಲ್ಲಿ ಸಣ್ಣ ನಾನು.

"ಈ ಪ್ರಯೋಗ ನಮ್ಮನೇಲೂ ಯಶಸ್ವಿಯಾಗಿದೆ," ಎಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಎದ್ದು ನಿಲ್ಲಲು ಕೈಸನ್ನೆ ಮಾಡಿದರು. ಕೈಚೀಲದಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಹೊಟ್ಟೆಗೆ ಅವುಚಿಕೊಂಡು ಎದ್ದು ನಿಂತೆ. ಇಷ್ಟು ಜನರ ಮುಂದೆ ಮೆರೆದ ಮನುಷ್ಯನ ಮಾನವನ್ನು ಬಿಸ್ಕತ್ತಿಗೋಸ್ಕರ ಹರಾಜು ಹಾಕುವುದೇ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಬೀಗ ಒಡೆದವಳು ಮಗಳು. ಬಹಳ ದಿನಗಳ ಮೇಲೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಾ, ಏನಿದು? ಕೆನ್ನೆ ಎಲ್ಲಿ ಹೋಯ್ತು?"

"ಸುಮ್ಮನಿರೇ, ಈಗ ತಾನೇ ದಾರಿಗೆ ಬಂದಿದಾಳೆ," ಎಂದರು ಇವರು.

"ಅಪ್ಪಾ, ನೀವು ಮಾತಾಡ್ಬೇಡಿ. ನಾಳೇನೇ ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ವಯಸ್ಸಾದ ಹೆಂಗಸು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. "ಊಟ ಹೇಗೆ ಸೇರುತ್ತೆ?" ಎಂದು ಕೇಳಿದರು.

ಉತ್ತರ ಕೊಟ್ಟವರು ಇವರು. "ಊಟ ನಾನೇ ಕಡಿಮೆ ಮಾಡ್ಸಿದೀನಿ ಡಾಕ್ಟ್ರೇ. ಲೆಕ್ಕದ ಪ್ರಕಾರವೇ ಇಳೀತಿದಾಳೆ. ಹಾಗಂತ ಬರ್ಕೊಳಿ."

ಡಾಕ್ಟರು ತಲೆಯಾಡಿಸಿ, ಬೆನ್ನುನೋವಿಗೆ ಮುಲಾಮು ಬರೆಯತೊಡಗಿದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಸುಮ್ಮನಿದ್ದರೆ ಈ ಮುಲಾಮಿನ ಜೊತೆ ಮನೆಗೆ ಹೋಗಿ ಸಾಯುತ್ತೇನೆ ಎಂದು ಖಂಡಿತವಾಗಿ ಅನ್ನಿಸಿತು.

"ನಾನು ತಿಂತೀನಿ," ಎಂದೆ.

ಇವರು ನಕ್ಕರು. "ಏನು ತಿಂತೀಯ?"

"ಎಲ್ಲಾ. ದಿನಾ. ಬ್ರೆಡ್ಡು, ಬೆಣ್ಣೆ, ಬಿಸ್ಕತ್ತು. ಹೊಲಿಗೆ ಮೇಜಿನ ಡ್ರಾಯರಲ್ಲಿ ಇಟ್ಕೊಂಡು ತಿಂತೀನಿ. ಮುಂಚೆಗಿಂತ ಜಾಸ್ತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರು ನಗಲಿಲ್ಲ. ಆ ಚೀಟಿಯನ್ನು ಹರಿದು, ರಕ್ತಪರೀಕ್ಷೆಗೆ ಬೇರೆ, ಸ್ಕ್ಯಾನಿಂಗಿಗೆ ಬೇರೆ ಬರೆದುಕೊಟ್ಟರು. ಇವರ ಮುಖ ಹುಳ್ಳಗಾಗಿತ್ತು. ಕಾರಿನಲ್ಲಿ ಕೇಳಿದ್ದು ಇಷ್ಟೇ: "ಭಾಷಣದ ದಿನಾನೂ ತಿಂದಿದ್ಯಾ?"

ಸ್ಕ್ಯಾನಿಂಗಿನಲ್ಲಿ ಕ್ಯಾನ್ಸರ್ ಗೆಡ್ಡೆ ಕಂಡಿತು, ಮೇದೋಜೀರಕದಲ್ಲಿ. ಅಲ್ಲಿಂದ ಯಕೃತ್ತಿಗೂ ಹಬ್ಬಿದೆಯಂತೆ. ತೂಕ ಇಳಿಯಲು ಶುರುವಾದಾಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ, ಈಗ ನೋವಿಗೆ ಔಷಧಿ ಕೊಡುತ್ತೇವೆ ಎಂದರು ಡಾಕ್ಟರು.

ಈಗ ನನಗೆ ಏನೂ ಸೇರುವುದಿಲ್ಲ. ಬೆಣ್ಣೆಯ ವಾಸನೆ ಬಂದರೆ ವಾಂತಿ ಬರುತ್ತದೆ. ಇವರು ರಜೆ ಹಾಕಿ ಮನೆಯಲ್ಲೇ ಇದ್ದಾರೆ. ಅಡುಗೆಮನೆಗೆ ಈಗ ಬಂದ್ ಇಲ್ಲ. ಹೊತ್ತು ಗೊತ್ತಿಲ್ಲದೆ ತಟ್ಟೆ ಹಿಡಿದು ಮಂಚದ ಪಕ್ಕ ಕೂರುತ್ತಾರೆ.

"ಒಂದೇ ಒಂದು ತುತ್ತು. ನನಗೋಸ್ಕರ."

ಕಣ್ಣಲ್ಲಿ ನೀರು ಬರಿಸಿಕೊಂಡು ಕೇಳುತ್ತಾರೆ. ಅದು ಸುಳ್ಳು ಅಳುವಲ್ಲ, ಅದೇ ನನ್ನ ಕರ್ಮ. ಕನಿಕರಕ್ಕೆ ಬಾಯಿಗಿಟ್ಟುಕೊಳ್ಳುತ್ತೇನೆ, ಅವರು ಆ ಕಡೆ ತಿರುಗಿದಾಗ ಉಗಿದು ಹೊದಿಕೆಯ ಮಡಿಕೆಯಲ್ಲಿ, ದಿಂಬಿನಡಿಯಲ್ಲಿ ಬಚ್ಚಿಡುತ್ತೇನೆ. ಹಳೆಯ ಕಳ್ಳಿ ತಾನೇ.

ನಿನ್ನೆ ಮಧ್ಯಾಹ್ನ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೆ. ಇವರು ಮೆಲ್ಲಗೆ ಬಂದು ನನ್ನ ಹೊದಿಕೆ ಎತ್ತಿ ಹಾಳೆಯ ಮೇಲೆ ಕೊಡವಿದರು. ದಿಂಬಿನಡಿ ಕೈಯಾಡಿಸಿದರು. ಬ್ರೆಡ್ಡಿನ ಚೂರುಗಳನ್ನು ಬೆರಳ ತುದಿಯಿಂದ ಒಂದೊಂದೇ ಆಯ್ದು ಅಂಗೈಗೆ ಹಾಕಿಕೊಂಡರು. ಎಂಥ ತಾಳ್ಮೆ, ಎಂಥ ಹಗುರ ಕೈ! ಒಂದು ಚೂರನ್ನೂ ಬಿಡಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ತಕ್ಕಡಿ ಸದ್ದಾಯಿತು.

ಹುಡುಕುವುದು ಇವರಿಗೆ ಮೊದಲಿನಿಂದಲೂ ಬರುತ್ತಿತ್ತು. ನನ್ನ ಡ್ರಾಯರನ್ನು ಮಾತ್ರ ಒಂದು ಸಲವೂ ಎಳೆದು ನೋಡಲಿಲ್ಲ.