ಸಭೆಗೆ ಹೋದ ಕೌದಿ

ಯಶವಂತನಗರದ ಕೆಳಗಿನ ಓಣಿಯಲ್ಲಿ ಸತ್ತವರ ಸೀರೆ, ಅಂಗಿಯ ತುಂಡುಗಳನ್ನು ಕೌದಿಗೆ ಸೇರಿಸಿ ಹೊಲಿದು ಹೊದ್ದುಕೊಳ್ಳುವುದು ಪದ್ಧತಿ. ಹೊರಗಿನವರಿಗೆ ಅವನ್ನು ಯಾರೂ ಕೊಡುವುದಿಲ್ಲ. ಅಂಥ ತುಂಡುಗಳನ್ನು ಕೌದಿ ಹೊಲಿಯುವ ದುರ್ಗಕ್ಕ ಮನೆಮನೆಗೆ ಹೋಗಿ ಬೇಡಿ ತಂದಳು, ಪಲ್ಲವಿಯ ಮಾತು ನಂಬಿ.

ಪಲ್ಲವಿ ಅದೇ ಓಣಿಯವಳು. ತಾಯಿ ಭೀಮವ್ವ ಕೆಮ್ಮಿ ಕೆಮ್ಮಿ ಸತ್ತ ಮೇಲೆ ದುರ್ಗಕ್ಕನ ಕೈತುತ್ತು ತಿಂದು ಬೆಳೆದಳು. ಈಗ ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾಳೆ.

"ದೊಡ್ಡವ್ವಾ, ನಮ್ಮ ಓಣಿ ನಕ್ಷೆ ಕೌದಿಯಾಗ ಹೊಲೀರಿ. ಅದಿರು ಲಾರಿ ರಸ್ತಿ ಎಲ್ಲೈತಿ, ಯಾರ ಮನ್ಯಾಗ ಕೆಮ್ಮಿ ಸತ್ತಾರ, ಎಲ್ಲಾ ಕಾಣ್ಲಿ. ತಾಲೂಕಿನ ಯೋಜನೆ ಮಾಡೋರು ಅದನ್ನ ನೋಡಿನ ಉಪಕೇಂದ್ರ ಎಲ್ಲಿ ಕಟ್ಟಬೇಕಂತ ಹೇಳ್ತಾರ," ಎಂದಿದ್ದಳು.

ಓಣಿಗೆ ಬೇಕಾಗಿದ್ದೂ ಅದೊಂದೇ. ನರ್ಸಮ್ಮ ಕೂರುವ ಒಂದು ಕೋಣೆ, ಲಾರಿ ಸಾಲು ದಾಟದೆ ನಡೆದು ಹೋಗುವಷ್ಟು ಹತ್ತಿರ. ಸುವರ್ಣಮ್ಮ ಮಾತ್ರ ಗಂಡನ ಅಂಗಿ ಕೊಡಲು ಹಿಂದೆಮುಂದೆ ನೋಡಿದಳು. "ಪಲ್ಲವಿ ನಮ್ಮ ಹುಡುಗಿ, ಕೊಡವಾ," ಎಂದು ದುರ್ಗಕ್ಕನೇ ಕೊಡಿಸಿದಳು.

ಹೊಲಿದು ಪಲ್ಲವಿಗೆ ಕೊಟ್ಟಿದ್ದ ಕೌದಿ ಸಂಸ್ಥೆಯವರ ಸಂಡೂರಿನ ಸಭೆಯಲ್ಲಿ ವೇದಿಕೆಯ ಹಿಂದೆ ತೂಗುತ್ತಿತ್ತು. ದುರ್ಗಕ್ಕ ಹತ್ತಿರ ಹೋಗಿ ನೋಡಿದಳು. ತನ್ನ ಹೊಲಿಗೆ ತನಗೆ ಗೊತ್ತಾಗುವುದಿಲ್ಲವೇ? ಲಾರಿ ರಸ್ತೆ ಇದ್ದಲ್ಲಿ ಹಸಿರು ಗಿಡಗಳು ಎದ್ದಿದ್ದವು. ಸತ್ತವರ ಮನೆಗಳ ಮೇಲೆ ಹೂವಂತೆ, ಗಿಳಿಯಂತೆ! ಅವೂ ಮಿಷನ್ ಹೊಲಿಗೆಯವು.

"ಯಾರಬೇ ಬಿಚ್ಚಿದ್ದು?"

"ನಾನ, ದೊಡ್ಡವ್ವಾ," ಎಂದಳು ಪಲ್ಲವಿ ಮೆಲ್ಲಗೆ. "ಸಂಸ್ಥೆಗೆ ರೊಕ್ಕ ಕೊಡೋ ಗಣಿ ಕಂಪನಿಯೋರು ಮುಂದ ಕುಂತಿರ್ತಾರ, ಧೂಳು, ಸಾವು ಬ್ಯಾಡ ಅಂದ್ರು ನಮ್ಮ ಸಾಹೇಬ್ರು. ಬ್ಯಾರೆಯೋರು ಹರದಾರಂತ ನಾನ ಕುಂತು ಬಿಚ್ಚಿದೆ. ತುಂಡು ಈ ಚೀಲದಾಗ ಅದಾವ, ತಗೋರಿ, ಎಲ್ಲಾ ತೊಳದು ಇಸ್ತ್ರಿ ಮಾಡಿಸೀನಿ."

"ಉಪಕೇಂದ್ರ?"

"ಅದು ರಸ್ತಿ ಆಚೆ ಅಂತ ಮೊದಲ ತೀರ್ಮಾನ ಆಗಿತ್ತು."

"ಮೊದಲ ಅಂದ್ರ? ನಾವು ಹೊಲಿಯೂಕಿಂತ ಮೊದಲ? ನಿನಗ ಗೊತ್ತಿತ್ತು?"

ಪಲ್ಲವಿ ಚೀಲವನ್ನು ದುರ್ಗಕ್ಕನ ಕೈಗೆ ತುರುಕಿದಳು.

ದುರ್ಗಕ್ಕ ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಅದಿರಿನ ಕೆಂಪು ಧೂಳು ಕಚ್ಚಿಕೊಂಡಿದ್ದ ತುಂಡುಗಳು ಹೊಸ ಬಟ್ಟೆಯ ಹಾಗೆ ಮಡಿಸಿ ಕೂತಿದ್ದವು. ಎಲ್ಲಕ್ಕೂ ಮೇಲೆ ಭೀಮವ್ವನ ಸೀರೆಯ ಸೆರಗು. ಹೆತ್ತವಳನ್ನೂ ಬಿಟ್ಟಿರಲಿಲ್ಲ ಮಹಾತಾಯಿ! ಬೇರೆ ಯಾರೋ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಸಾಕಿದ ಮಗಳೇ ಕತ್ತು ಕೊಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಸುವರ್ಣಮ್ಮನಿಗೆ ಯಾವ ಮುಖ ತೋರಿಸುವುದು?

ಅಷ್ಟರಲ್ಲಿ ವೇದಿಕೆಗೆ ಕರೆದರು. ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು. ದುರ್ಗಕ್ಕ ಚೀಲ ಎತ್ತಿ ಹಿಡಿದಳು.

"ಈ ಕೌದಿ ನಮ್ದಲ್ರಿ. ನಮ್ಮೋರು ಈ ಚೀಲದಾಗ ಅದಾರ. ಒಬ್ಬೊಬ್ಬರ ಹೆಸರು ಹೇಳ್ತೀನಿ, ಕೇಳ್ರಿ. ಈಕಿ ಭೀಮವ್ವ, ಅಲ್ಲಿ ನಿಂತಾಳಲ್ಲ, ಆ ಹುಡುಗೀನ ಹಡದಾಕಿ..."

ಒಂದು ಕೈ ಬಂದು ಮೈಕು ಕಿತ್ತುಕೊಂಡಿತು.

"ಶ್ರೀಮತಿ ದುರ್ಗಕ್ಕನವರಿಗೆ ಸಂಸ್ಥೆಯ ಪರವಾಗಿ ಧನ್ಯವಾದಗಳು," ಎಂದಳು ಪಲ್ಲವಿ. ಸಭೆ ಚಪ್ಪಾಳೆ ತಟ್ಟಿತು.