ಹೊಸದೇನೂ ಹೊಳೆಯದ ಓಟ್ಮಾರ್

ಪೇಟೆಂಟ್ ಕಾನೂನಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ಕಸುಬಿನ ಪುಸ್ತಕಗಳನ್ನೆಲ್ಲ ಓದಿದ್ದಾನೆ, ಕೈಯೂ ಪಳಗಿದೆ, ಆದರೆ ಹೊಸ ಯೋಚನೆಯೊಂದು ಅವನ ತಲೆಗೆ ಬಂದದ್ದಿಲ್ಲ. ಅವನಿಗೂ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ; ಹೊಳೆಯದಿದ್ದರೆ ಉಂಟು. ಆತ ಬರೀ ಕಾಗದದ ಮೇಲಿನವನು. ಆದರೆ ಮ್ಯೂನಿಕ್ಕಿನ ವಿಚಾರಣೆಗೆ ಫೋಟೋ ಫಿಲ್ಮ್ ತಯಾರಿಸುವ ಕಂಪನಿಯ ವಕೀಲ ಬೆಕರ್ಟ್ ಅವನನ್ನು ಜೀವಂತವಾಗಿ ಹಿಡಿದು ತಂದಿದ್ದ: ಫಿಲ್ಮಿಗೆ ಬಳಿಯುವ ಬೆಳ್ಳಿಯ ಪಾಕ ತಯಾರಾಗುವ ಎಮಲ್ಷನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಓಟ್ಮಾರ್ ರೀಗಲ್.

ಓಟ್ಮಾರನಿಗೋ ಸಂಕಟ. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಕೋಟು ತೊಟ್ಟು ಬಂದು, ತನ್ನ ತಲೆಯಲ್ಲಿ ಏನೂ ಹುಟ್ಟಿಲ್ಲವೆಂದು ಪೀಠದ ಮೂವರೆದುರು ಒಪ್ಪಿಕೊಳ್ಳಬೇಕು. ಒಪ್ಪಿದರೆ ಸಹೋದ್ಯೋಗಿ ಇರ್ಮೆಲಾಳ ಪೇಟೆಂಟ್ ಉಳಿಯುತ್ತದೆ. ಅವನಿಗಿಂತ ಇಪ್ಪತ್ತು ವರ್ಷ ಕಿರಿಯಳಾದ ಆಕೆ ಕಂಡುಹಿಡಿದದ್ದು ಇಷ್ಟೇ: ಜೆಲಾಟಿನ್ ಪಾಕದಲ್ಲಿ ಬೆಳ್ಳಿಯ ಹರಳು ಬೆಳೆಯುವಾಗ ಅಯೋಡೈಡ್ ಲವಣದ ನೀರನ್ನು ಮೊದಲೇ ಸುರಿಯದೆ ಕೊನೆಗೆ ಸುರಿದರೆ ಫಿಲ್ಮು ಮಂದ ಬೆಳಕಿಗೂ ಕಣ್ಣು ಬಿಡುತ್ತದೆ.

ಇದು ಯಾರಿಗಾದರೂ ಹೊಳೆಯುತ್ತದೆಂದು ಎದುರು ಕಂಪನಿಯ ವಕೀಲರು ಒಂದು ಗಂಟೆ ವಾದಿಸಿದರು. ಬೆಕರ್ಟ್ ಎದ್ದು ದನದ ದಲ್ಲಾಳಿಯಂತೆ ಓಟ್ಮಾರನ ಗುಣಗಾನ ಮಾಡಿದ: ಒಂದು ದಿನವೂ ತಡವಾಗಿ ಬಂದವರಲ್ಲ, ಒಂದು ಸಲಹೆಯನ್ನೂ ಕೊಟ್ಟವರಲ್ಲ.

"ನಿಮಗೆ ಯಾವತ್ತಾದ್ರೂ ಹೀಗೆ ಮಾಡ್ಬೇಕು ಅನ್ನಿಸಿತ್ತಾ?" ಪೀಠದ ಅಧ್ಯಕ್ಷರು ಕೇಳಿದರು.

ಓಟ್ಮಾರ್ ಕೋಟಿನ ಗುಂಡಿ ಹಿಡಿದುಕೊಂಡ. "ಅನ್ನಿಸೋದೇನು ಸ್ವಾಮಿ, ಮಾಡೇಬಿಟ್ಟಿದ್ದೆ. ಅರವತ್ತೊಂಬತ್ತನೇ ಇಸವೀಲಿ."

ಬೆಕರ್ಟನ ಮುಖ ಬಿಳಿಚಿತು: ಇವನಿಗೇ ಮೊದಲು ಹೊಳೆದಿದ್ದರೆ ಪೇಟೆಂಟ್ ಹೋಯಿತು. ಓಟ್ಮಾರ್ ನಿಧಾನವಾಗಿ ವಿವರಿಸಿದ. ಎಮಲ್ಷನ್ ಕೋಣೆಯಲ್ಲಿ ಕಗ್ಗತ್ತಲು. ಡಿಕ್ಕಿಯಾಗದಿರಲು ನಡೆಯುವವರು ಸಿಳ್ಳೆ ಹಾಕುತ್ತ ನಡೆಯಬೇಕು, ನಿಂತವರು ದಾರಿ ಬಿಡಬೇಕು. ಅಂದು ತುಂಬಿದ ಬಕೆಟ್ ಹೊತ್ತು ಬಂದವನು ಆಮೆಯ ನಡಿಗೆಯವನು. ಆ ಸಿಳ್ಳೆ ದಾಟುವವರೆಗೆ ಓಟ್ಮಾರ್ ಅಯೋಡೈಡ್ ಜಗ್ ಹಿಡಿದು ಗೋಡೆಗೆ ಒರಗಿ ನಿಂತ. ಹೊತ್ತು ಮೀರಿತ್ತು, ಆದರೂ ಸುರಿದ. ಮರುದಿನ ಪರೀಕ್ಷೆಗೆಂದು ಬೆಳಕು ತೋರಿಸಿದ ಫಿಲ್ಮಿನ ಪಟ್ಟಿ ಇರಬೇಕಾದ್ದಕ್ಕಿಂತ ಎಷ್ಟೋ ಕಪ್ಪಾಗಿತ್ತು; ಅಷ್ಟು ಚುರುಕಾಗಿ ಬೆಳಕು ಹಿಡಿದಿತ್ತು.

"ಆಮೇಲೇನು ಮಾಡಿದ್ರಿ?"

"ಆ ಪಾಕಾನೆಲ್ಲ ಬೆಳ್ಳಿ ವಾಪಸ್ ತೆಗೆಯೋ ತೊಟ್ಟಿಗೆ ಸುರಿದೆ. ಪಟ್ಟಿ ಕಪ್ಪಾದ್ರೆ ಮಾಲು ಹಾಳಾಯ್ತು ಅಂತ ನಿಯಮ."

ಮೂರು ತಲೆಗಳು ಒಟ್ಟಿಗೆ ಬಾಗಿ ಪಿಸುಗುಟ್ಟಿದವು. ಆಮೇಲೆ ತೀರ್ಪು ಬಂತು: ಶೋಧನೆ ತಾನಾಗಿ ಕೈಗೆ ಬಂದು ಬಿದ್ದರೂ ನುರಿತ ಕೆಲಸಗಾರ ಅದನ್ನು ತೊಟ್ಟಿಗೆ ಚೆಲ್ಲಿದ್ದಾನೆ, ಅದು ಯಾರಿಗೂ ಹೊಳೆಯದೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಈ ಪೀಠದೆದುರು ಬಂದಿಲ್ಲ. ಪೇಟೆಂಟ್ ಉಳಿಯಿತು.

ಹೊರಗೆ ಕಾರಿಡಾರಿನಲ್ಲಿ ಬೆಕರ್ಟ್ ತೋಳು ಕಳಚುವಂತೆ ಕೈ ಕುಲುಕಿದ. ಓಟ್ಮಾರ್ ನೆಲ ನೋಡುತ್ತಿದ್ದ. ಇದ್ದೊಂದು ಹೆಗ್ಗಳಿಕೆಯೂ ದಡ್ಡತನದ ಸರ್ಕಾರಿ ದಾಖಲೆಯಾಗಿತ್ತು. ಇರ್ಮೆಲಾ ಹತ್ತಿರ ಬಂದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಕೇಳಿದ್ದು ಯಾರಮ್ಮ?"

"ಈಗ ಕೇಳ್ತಿದೀನಿ. ಎಷ್ಟು ತಡವಾಗಿ ಸುರಿದ್ರಿ?"

ಓಟ್ಮಾರ್ ತಲೆಯೆತ್ತಿದ. "ನೀನು ಸ್ವಲ್ಪ ಅವಸರ ಮಾಡ್ತೀಯ. ನಂದು ಇನ್ನೂ—"

ಬೆಕರ್ಟ್ ಹಾರಿಬಂದು ಅವನ ಬಾಯಿ ಮುಚ್ಚಿದ. "ದಮ್ಮಯ್ಯ ಸಾರ್, ಒಂದಕ್ಷರ ಆಡ್ಬೇಡಿ. ಇಲ್ಲಿ ಬಾಯಿ ಬಿಟ್ರೆ ಅದು ಊರ ಸೊತ್ತು, ಆಮೇಲೆ ಅದಕ್ಕೆ ಹೊಸ ಪೇಟೆಂಟ್ ಸಿಗಲ್ಲ."

ಹಿಂದುಗಡೆ ಎದುರು ಕಂಪನಿಯ ವಕೀಲರೆಲ್ಲ ಏಕಕಾಲಕ್ಕೆ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಓಟ್ಮಾರನ ಮಾತಿಗೆ ಯಾರಾದರೂ ಹೆದರಿದ್ದು ಇದೇ ಮೊದಲು. ಅವನು ಆ ಅಂಗೈಯೊಳಗೇ ನಗತೊಡಗಿದ.