ಅವಳದೇ ಅಕ್ಷರದ ಲಕೋಟೆ

ಹೊಗೆ ನೆಟ್ಟಗೆ ಏರಿತು, ಏರಿ ಒಂದು ಗಳಿಗೆ ಯೋಚಿಸಿದಂತೆ ನಿಂತು ಬಲಕ್ಕೆ ಬಾಗಿತು, ಯಾರೋ ಪಕ್ಕದ ಬಾಗಿಲು ತೆರೆದಿರಬೇಕು, ಜಾರ್ಲತ್ ಫ್ಯಾಲನ್ ಉದ್ದ ಕೋಲಿನ ತುದಿಯ ಹಿತ್ತಾಳೆ ಟೊಪ್ಪಿಗೆಯನ್ನು ಇನ್ನೊಂದು ಮೇಣದಬತ್ತಿಯ ಮೇಲೆ ಇಳಿಸಿದ, ಅದೂ ಆರಿತು, ಚರ್ಚಿನ ಬೆಳಗಿನ ಪೂಜೆ ಮುಗಿದಿದೆ, ಯಾವಾಗ ಮುಗಿಯಿತೋ, ಗಂಟೆ ಬಾರಿಸಬೇಕಾದಲ್ಲಿ ಕೈ ತಾನಾಗಿ ಬಾರಿಸಿತು, ಆಮೆನ್ ಅನ್ನಬೇಕಾದಲ್ಲಿ ಬಾಯಿ ಅಂದಿತು, ಮನಸ್ಸು ಮಾತ್ರ ಕೋಟಿನ ಒಳಜೇಬಿನಲ್ಲೇ ಕೂತಿತ್ತು, ಅಲ್ಲಿ ಲಕೋಟೆ ಇದೆ, ನಿನ್ನೆ ಬಂದದ್ದು, ದಪ್ಪನೆಯದು, ಅದರ ಮೇಲೆ ಈತ್ನಾಳ ದುಂಡು ಅಕ್ಷರ — ಮಿಸ್ ಈತ್ನಾ ಫ್ಯಾಲನ್, ಕೆಳಗೆ ಬೀದಿ, ಊರು, ರಾಸ್ಕಾಮನ್ — ಮಗಳು ತನ್ನ ಹೆಸರಿಗೆ ತಾನೇ ಬರೆದುಕೊಂಡ ವಿಳಾಸ, ಅವಳನ್ನು ಮಣ್ಣಿಗೆ ಕೊಟ್ಟು ವರ್ಷವಾಗುತ್ತ ಬಂತು, ಅಂಚೆಯವನು ಇನ್ನೂ ಅವಳನ್ನು ಹುಡುಕಿಕೊಂಡು ಬರುತ್ತಾನೆ, ಬಾಗಿಲ ಕಿಂಡಿಯಿಂದ ಒಳಗೆ ಬಿದ್ದ ಸದ್ದು ಕೇಳಿದರೆ ಸಾಕು ಯಾವ ಬಗೆಯದೆಂದು ಜಾರ್ಲತನಿಗೆ ತಿಳಿಯುತ್ತದೆ, ತೆಳುವಾದದ್ದು ಹಾರಿ ಬೀಳುತ್ತದೆ, ಇದು ದೊಪ್ಪೆಂದು ಬಿತ್ತು. ಏನ್ ಮಾರಾಯ, ಸಂತರಿಗೆ ಹೊಗೆ ಹಾಕ್ತಾ ನಿಂತಿದೀಯಾ, ಎಂದಳು ಕನ್ಸೆಪ್ಟಾ, ಬಾಗಿಲು ತೆರೆದವಳು ಅವಳೇ, ತೋಳ ತುಂಬ ಸೇವಂತಿಗೆ, ಬಲಿಪೀಠದ ಹೂವಿನ ಕೆಲಸ ಅವಳದು, ಊರಿನ ಸುದ್ದಿಯ ಕೆಲಸವೂ ಅವಳದೇ, ಈತ್ನಾ ಕಥೆ ಇರೋ ಆ ಪುಸ್ತಕ ಯಾವಾಗ ಬರುತ್ತೆ, ಕ್ರಿಸ್‌ಮಸ್ಸಿಗೆ ಅಂತ ಫಾದರ್ ಅಂದಿದ್ರಲ್ಲ, ನಂಗೊಂದು ಎತ್ತಿಡು, ನನ್ನನ್ನೇನಾದ್ರೂ ಕಥೇಲಿ ಹಾಕಿದಾಳಾ ನೋಡ್ಬೇಕು, ಹಾಕಿದ್ರೆ ಸೊಂಟ ಸ್ವಲ್ಪ ಸಣ್ಣ ಮಾಡಿರ್ಲಿ ಅಂತ ದಿನಾ ಒಂದು ಜಪ ಹೇಳ್ತಿದೀನಿ. ಬರುತ್ತೆ, ಎಂದ ಜಾರ್ಲತ್. ದೇವರ ಸನ್ನಿಧಿಯಲ್ಲಿ ನಿಂತು ಬರುತ್ತೆ ಎಂದ, ಬರುವುದಿಲ್ಲ, ಡಬ್ಲಿನ್ನಿನಲ್ಲೂ ಬರುವುದಿಲ್ಲ, ಕಾರ್ಕಿನಲ್ಲೂ ಬರುವುದಿಲ್ಲ, ಇನ್ನು ಎಲ್ಲಿಯೂ ಬರುವುದಿಲ್ಲ, ಅದು ಈತ್ನಾಳ ತಪ್ಪಲ್ಲ, ಅವಳು ಎಲ್ಲ ಹೇಳಿಕೊಟ್ಟಿದ್ದಳು, ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಕಾನ್ವೆಂಟಿನ ಟೀಚರಂತೆ ಬೆರಳೆತ್ತಿ.

ಗಾಲ್ವೇ ಆಸ್ಪತ್ರೆಯ ಆ ಕಿಟಕಿ, ಹೊರಗೆ ಸಮುದ್ರವಿದೆ ಎಂದು ದಾದಿಯರು ಹೇಳುತ್ತಿದ್ದರು, ಕಂಡದ್ದು ಕಾರು ನಿಲ್ಲಿಸುವ ಜಾಗ ಮಾತ್ರ, ಅಪ್ಪಾ ಇಲ್ಲಿ ಕೇಳು, ಕಥೆ ಹಾಳೆಯ ಒಂದೇ ಮಗ್ಗುಲಲ್ಲಿ ಟೈಪ್ ಮಾಡಿರ್ಬೇಕು, ಸಾಲಿನ ಮಧ್ಯೆ ಜಾಗ ಬಿಟ್ಟಿರ್ಬೇಕು, ಪಿನ್ನು ಹೊಡೀಬಾರ್ದು, ಕಳಿಸೋಕೆ ಮುಂಚೆ ಆ ಪತ್ರಿಕೆ ಒಂದಾದ್ರೂ ಓದಿರ್ಬೇಕು, ಜೊತೆಗೆ ಇಡೋ ಕಾಗದ ಎರಡೇ ಸಾಲು, ಇದು ಕಥೆ, ದಯವಿಟ್ಟು ನೋಡಿ, ಅಷ್ಟೆ, ನಮ್ಮಜ್ಜಿ ಚೆನ್ನಾಗಿದೆ ಅಂದ್ಲು ಅಂತೆಲ್ಲ ಬರೀಬಾರ್ದು, ಆಮೇಲೆ ಒಂದು ಖಾಲಿ ಲಕೋಟೆ, ಅದರ ಮೇಲೆ ನಮ್ಮ ವಿಳಾಸ, ನಮ್ಮ ಖರ್ಚಿನ ಸ್ಟಾಂಪು, ಅದಿಲ್ದಿದ್ರೆ ಕಥೆ ವಾಪಸ್ ಬರಲ್ಲ. ಅಂದ್ರೆ ನಿನ್ನ ಕಥೆ ಬೇಡ ಅಂತ ಹೇಳ್ಸಿಕೊಳ್ಳೋಕೂ ನೀನೇ ಸ್ಟಾಂಪು ಕೊಳ್ಳಬೇಕೇನೇ, ಎಂದ ಜಾರ್ಲತ್, ನಾನು ಜೀವಮಾನವೆಲ್ಲ ಪುಕ್ಕಟೆಯಾಗಿ ಬೈಸಿಕೊಂಡಿದ್ದೀನಿ, ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ದಾದಿ ಬಂದು ಅವನನ್ನೇ ಗದರಿದಳು, ದಾದಿ ಹೋದ ಮೇಲೆ ಅವಳು ಒಂದೊಂದೇ ಲಕೋಟೆಯ ಮೇಲೆ ತನ್ನ ಹೆಸರು ಬರೆದಳು, ತಟ್ಟೆಯ ಮೇಲೆ ಸ್ಟಾಂಪಿನ ಹಾಳೆ ಇತ್ತು, ಕೊಡು ನಾನು ಅಂಟಿಸ್ತೀನಿ ಎಂದರೆ ಕೊಡಲಿಲ್ಲ, ನಾಲಿಗೆ ಚಾಚಿದಳು, ಔಷಧಿಯಿಂದ ಬೆಳ್ಳಗೆ ಒಣಗಿ ಬಿರಿದ ನಾಲಿಗೆ, ಸ್ಟಾಂಪು ಅದಕ್ಕೆ ತಾಗಿಸಿದರೆ ಒದ್ದೆಯೇ ಆಗಲಿಲ್ಲ, ಅಪ್ಪಾ ಒಂದು ಚಮಚ ನೀರು ಕೊಡು, ಕುಡಿಯೋಕಲ್ಲ, ಸ್ಟಾಂಪಿಗೆ, ಅವನು ಚಮಚದಲ್ಲಿ ನೀರು ಕೊಟ್ಟ, ನಾಲಿಗೆ ನೆನೆಸಿಕೊಂಡಳು, ಅಂಟಿಸಿದಳು, ಮತ್ತೆ ಚಾಚಿದಳು — ಹಿಂದೊಮ್ಮೆಯೂ ಹೀಗೆಯೇ, ಬಿಳಿಯ ಅಂಗಿ, ತಲೆಗೆ ಬಿಳಿಯ ಮುಸುಕು, ಏಳು ವರ್ಷದ ಮಗು, ಮೊದಲ ಪರಮಪ್ರಸಾದದ ದಿನ, ಅವಳ ತಾಯಿ ಆಗಲೇ ಇರಲಿಲ್ಲ, ಮುಸುಕಿಗೆ ಪಿನ್ನು ಚುಚ್ಚಲು ಬಾರದಿದ್ದರೂ ಅವನೇ ಚುಚ್ಚಿ ಕಿವಿಯ ಹತ್ತಿರ ಗೀರಿದ್ದ, ಒಬ್ಬೊಬ್ಬರ ನಾಲಿಗೆಯ ಮೇಲೂ ಪ್ರಸಾದದ ಬಿಲ್ಲೆ ಇಡುತ್ತ ಬರುವ ಗುರುಗಳು ಇನ್ನೂ ಸಾಲಿನ ಆ ತುದಿಯಲ್ಲಿರುವಾಗಲೇ ಇವಳು ಕಣ್ಣು ಮುಚ್ಚಿ ನಾಲಿಗೆ ಚಾಚಿ ಕೂತುಬಿಟ್ಟಿದ್ದಳು, ಪೂರಾ ಸಾಲು ಮುಗಿಯುವವರೆಗೆ, ಗುಲಾಬಿ ಬಣ್ಣದ ಪುಟ್ಟ ನಾಲಿಗೆ, ಹಿಂದೆ ಯಾರೋ ಕಿಸಕ್ಕೆಂದರು, ಅವನಿಗೆ ನಗು ಬರಲಿಲ್ಲ, ಅಷ್ಟು ಖಚಿತವಾಗಿ ಕಾಯುವುದನ್ನು ಅವನು ಎಂದೂ ಕಂಡಿರಲಿಲ್ಲ.

ಎರಡನೆಯ ಸಾಲಿನ ಬತ್ತಿಗಳೂ ಆರಿದವು, ಕೈ ಮೇಣ ಕೆರೆಯುತ್ತಿದೆ, ಕನ್ಸೆಪ್ಟಾ ಹಳೆಯ ನೀರನ್ನು ಬಕೆಟ್ಟಿಗೆ ಸುರಿಯುತ್ತಿದ್ದಾಳೆ, ಕೊಳೆತ ಕಾಂಡದ ವಾಸನೆ, ಈತ್ನಾ ಇನ್ನೊಂದನ್ನೂ ಹೇಳಿಕೊಟ್ಟಿದ್ದಳಲ್ಲ, ಕಿಂಡೀಲಿ ನನ್ನ ಅಕ್ಷರದ ದಪ್ಪ ಲಕೋಟೆ ಬಿದ್ರೆ ಕಥೆ ವಾಪಸ್ ಬಂತು ಅಂತ ತಿಳ್ಕೋ, ಒಪ್ಪಿಗೆ ಆದ್ರೆ ಅವರ ಸ್ವಂತ ಲಕೋಟೇಲಿ ಬರುತ್ತೆ, ತೆಳ್ಳಗೆ, ಅಚ್ಚಾದ ಹೆಸರಿರುತ್ತೆ, ಹಾಗಾಗಿ ನನ್ನ ಅಕ್ಷರ ಕಾಣದೆ ಇರ್ಲಿ ಅಂತ ಪ್ರಾರ್ಥನೆ ಮಾಡು ಅಪ್ಪಾ. ಪ್ರಾರ್ಥಿಸಿದ, ಬಾಯಲ್ಲಿ ಪ್ರಾರ್ಥಿಸಿದ, ಆದರೆ ಅವಳು ಹೋದ ಮೇಲೆ ಆ ಅಕ್ಷರವಲ್ಲದೆ ಅವಳಿಂದ ಬರುವುದು ಇನ್ನೇನು, ಮೊದಲ ಸಲ ವಾಪಸ್ ಬಂದಾಗ, ಅವಳು ತೀರಿ ತಿಂಗಳಾದ ಪೂಜೆ ಮುಗಿದಿತ್ತಷ್ಟೆ, ಅವನು ಬಾಗಿಲ ಬಳಿ ನೆಲದ ಮೇಲೆಯೇ ಕೂತು ಲಕೋಟೆಯನ್ನು ಕೆನ್ನೆಗೆ ಒತ್ತಿಕೊಂಡಿದ್ದ, ಸ್ಟಾಂಪಿನ ಮೂಲೆಯನ್ನು ಹೆಬ್ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ್ದ, ಆ ಅಂಟಿನಲ್ಲಿ ಅವಳ ನಾಲಿಗೆ ಇದೆ, ಚಮಚದ ನೀರು ಇದೆ. ಒಬ್ಬರಿಂದ ವಾಪಸ್ ಬಂದ್ಮೇಲೇ ಇನ್ನೊಬ್ಬರಿಗೆ ಕಳ್ಸು ಎಂದಿದ್ದಳು, ಕಳಿಸಿದ, ಡಬ್ಲಿನ್ನಿನ ಪತ್ರಿಕೆಗೆ, ಅವಳೇ ರುಜು ಹಾಕಿಟ್ಟ ಎರಡು ಸಾಲಿನ ಕಾಗದದೊಡನೆ, ಕಾದ, ಚಳಿ ಹೋಯಿತು, ದೊಡ್ಡ ಉಪವಾಸ ಬಂತು, ಈಸ್ಟರ್ ಬಂತು, ಕುರಿಮರಿಗಳು ಬಂದವು, ಡಬ್ಲಿನ್ನಿನಿಂದ ಏನೂ ಬರಲಿಲ್ಲ, ಒಬ್ಬರನ್ನೇ ನಂಬಿ ಕೂತಿರಬೇಕೇಕೆ, ಅವಳದು ಸಂಕೋಚದ ಸ್ವಭಾವ, ಒಂದು ಮನೆಯಲ್ಲಿ ಚಹಾ ಕುಡಿದರೆ ಇನ್ನೊಂದು ಮನೆಯಲ್ಲಿ ಬೇಡ ಅನ್ನುವವಳು, ಅದಕ್ಕೇ ಹಾಗೆ ಹೇಳಿರಬೇಕು ಎಂದುಕೊಂಡ. ಅವಳಿಗೆ ಕಾಯಿಲೆಯಾದಾಗ ಅವನು ಒಬ್ಬ ಸಂತರಿಗೆ ಹರಕೆ ಹೊತ್ತು ಉತ್ತರಕ್ಕೆ ಕಾದನೇ, ಸಂತ ಅಂತೋಣಿಯವರಿಗೆ ಬತ್ತಿ ಹಚ್ಚಿದ, ಸಂತ ಯೂದರಿಗೆ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಶುರು ಮಾಡಿದ, ಸಂತ ರೀತಮ್ಮನವರಿಗೆ ಗುಲಾಬಿ ಇಟ್ಟ, ನಾಕ್ ಊರಿನ ಮಾತೆ ಮರಿಯಳ ಬಳಿಗೆ ಬರಿಗಾಲಲ್ಲಿ ಹೋದ, ಎಲ್ಲವೂ ಅದೇ ವಾರದಲ್ಲಿ, ನಮ್ಮೂರಿನಲ್ಲಿ ಎಲ್ಲರೂ ಬೇಡುವುದು ಹಾಗೆಯೇ, ಒಬ್ಬ ಸಂತರಾದರೂ, ಏನಪ್ಪಾ ಇದೇ ಬೇಡಿಕೆಯನ್ನು ಅವರಲ್ಲೂ ಇಟ್ಟಿದ್ದೀಯಂತೆ ಎಂದು ಮುನಿದುಕೊಂಡರೇ — ಕೊಡಲೂ ಇಲ್ಲ, ಅದು ಬೇರೆ ಮಾತು, ಅದನ್ನು ಈಗ ಇಲ್ಲಿ ನಿಂತು ಆಡಬಾರದು, ಕ್ಷಮಿಸು ತಂದೆಯೇ — ಹಾಗೆ ಕಾನ್ವೆಂಟಿನ ಸಿಸ್ಟರ್ ಹತ್ತಿರ ಕಥೆಯ ಜೆರಾಕ್ಸ್ ತೆಗೆಸಿದ, ಒಂದನ್ನು ಕಾರ್ಕಿಗೆ ಕಳಿಸಿದ, ಒಂದನ್ನು ಬೆಲ್‌ಫಾಸ್ಟಿಗೆ, ಪ್ರತಿಯೊಂದನ್ನೂ ಅಂಚೆಡಬ್ಬಿಗೆ ಹಾಕುವ ಮುಂಚೆ ಶಿಲುಬೆಯ ಗುರುತು ಮಾಡಿದ.

ಮತ್ತು ಬಂತಲ್ಲ, ಬಂತು, ತೆಳ್ಳಗಿನದು, ಅಚ್ಚಾದ ಹೆಸರಿನದು, ಡಬ್ಲಿನ್ನಿನ ಸಂಪಾದಕಿ ಬರೆದಿದ್ದಳು, ನಿಮ್ಮ ಕಥೆ ನಮಗೆ ಬಹಳ ಹಿಡಿಸಿತು, ಕ್ರಿಸ್‌ಮಸ್ ಸಂಚಿಕೆಯಲ್ಲಿ ಹಾಕುತ್ತೇವೆ, ಅವನು ಟೊಪ್ಪಿಗೆಯಿಲ್ಲದೆ ಬೀದಿಯಲ್ಲಿ ಓಡಿದ, ಫಾದರ್ ಕಾರ್ಮಕ್ ಬೆಳಗಿನ ತಿಂಡಿಗೆ ಕೂತಿದ್ದರು, ಬಾಯಲ್ಲಿದ್ದ ಮೊಟ್ಟೆ ನುಂಗದೆಯೇ ಅವನನ್ನು ತಬ್ಬಿಕೊಂಡರು, ಭಾನುವಾರ ಬಲಿಪೀಠದಿಂದ ಆ ಕಾಗದ ಓದಿ ಹೇಳಿದರು, ನಮ್ಮ ಈತ್ನಾಳ ಕಥೆ ಬರುತ್ತೆ ಅಂತ, ಜನ ಚಪ್ಪಾಳೆ ತಟ್ಟಿದರು, ಚರ್ಚಿನೊಳಗೆ ಚಪ್ಪಾಳೆ, ಅವನು ಅಂದು ತಲೆಯೆತ್ತಿ ನಡೆದ, ಬೆಲ್‌ಫಾಸ್ಟಿನವರು ಬೇಡವೆಂದರು, ಅದಾಗಿ ಸ್ವಲ್ಪ ದಿನಕ್ಕೆ ಕಾರ್ಕಿನದೂ ಬಂತು, ಅದೂ ತೆಳ್ಳಗೆ, ಅವರಿಗೂ ಬೇಕಂತೆ, ನೋಡೇ ಈತ್ನಾ ಎರಡೆರಡು ಕಡೆ, ಅವನು ಇಬ್ಬರಿಗೂ ಬರೆದ, ಬಹಳ ಸಂತೋಷವಾಯಿತು, ದೇವರು ನಿಮಗೆ ಒಳ್ಳೆಯದು ಮಾಡಲಿ, ಫ್ಯಾಲನ್ — ಬರೀ ಫ್ಯಾಲನ್ ಎಂದರೆ ಸುಳ್ಳಾಗುವುದಿಲ್ಲ, ತಾನೂ ಫ್ಯಾಲನ್ನೇ. ಅವಳು ಸತ್ತದ್ದನ್ನು ಬರೆಯಲಿಲ್ಲ, ಬರೆಯಬಾರದೆಂದು ಅವಳ ಮಾತು, ಕಾಯಿಲೆ ವಿಷಯ ಅವರಿಗೆ ಗೊತ್ತಾಗ್ಬಾರ್ದು ಅಪ್ಪಾ, ಏನಾದ್ರೂ ಆಗ್ಲಿ ಆಗ್ಬಾರ್ದು, ಪಾಪ ಅಂತ ಹಾಕಿದ್ರೆ ಅದು ಹಾಕಿದ ಹಾಗಲ್ಲ, ಆಣೆ ಮಾಡು, ಆಣೆ ಮಾಡಬಾರದಮ್ಮ ಎಂದ ಅವನು, ಹಾಗಾದ್ರೆ ಹೂಂ ಅನ್ನು ಎಂದಳು, ಹೂಂ ಎಂದ. ಇಬ್ಬರು ಸಂಪಾದಕರೂ ಮುಂದಿನ ಸಂಚಿಕೆಯ ಜಾಹೀರಾತಿನಲ್ಲಿ ಅದೇ ಕಥೆ ಅದೇ ಹೆಸರು ಹಾಕಿಕೊಂಡರು, ಒಬ್ಬರದನ್ನು ಒಬ್ಬರು ನೋಡಿದರು, ಕಾರ್ಕಿನವನು ಒಂದೇ ಸಾಲು ಬರೆದು ಮುಗಿಸಿದ, ನಿಮ್ಮ ಕಥೆಯನ್ನು ಕೈಬಿಟ್ಟಿದ್ದೇವೆ, ಡಬ್ಲಿನ್ನಿನವಳು ಬಿಡಿಸಿ ಬರೆದಿದ್ದಾಳೆ, ಕಥೆಯನ್ನೂ ಮರಳಿಸಿದ್ದಾಳೆ, ಮಗಳು ಕೊಟ್ಟ ಲಕೋಟೆಯನ್ನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದಳು ಪುಣ್ಯಾತ್ಮೆ.

ಏನಾಯ್ತು ಜಾರ್ಲತ್, ಎಂದರು ಫಾದರ್ ಕಾರ್ಮಕ್, ಪೂಜೆಯ ಉಡುಪು ಬಿಚ್ಚಿ ಬಂದಿದ್ದಾರೆ, ಇವತ್ತು ನೀನು ಗಂಟೆ ಎರಡು ಸಲ ಜಾಸ್ತಿ ಹೊಡೆದೆ, ದೇವರಿಗೆ ಕಿವಿ ಕೇಳ್ಸಲ್ವಾ, ಜಾರ್ಲತ್ ಒಳಜೇಬಿಗೆ ಕೈ ಹಾಕಿದ, ಕೊಟ್ಟ, ಗುರುಗಳು ಕನ್ನಡಕ ಹುಡುಕಿದರು, ಬೆಂಚಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತ ಓದಿದರು, ಜಾರ್ಲತನಿಗೆ ಆ ತುಟಿಯಲ್ಲೇ ಪ್ರತಿ ಮಾತೂ ಕಾಣುತ್ತದೆ, ಬಾಯಿಪಾಠವಾಗಿದೆ, ಪ್ರಿಯ ಮಿಸ್ ಫ್ಯಾಲನ್, ಒಂದೇ ಕಥೆಯನ್ನು ಒಂದೇ ಕಾಲಕ್ಕೆ ಇಬ್ಬರಿಗೆ ಕೊಟ್ಟು ಇಬ್ಬರ ಒಪ್ಪಿಗೆಗೂ ಹೂಂ ಎಂದಿದ್ದೀರಿ, ಇದು ತಿಳಿಯದೆ ಮಾಡಿದ್ದೆಂದು ನಂಬುವುದು ಕಷ್ಟ, ಕಥೆ ಅಷ್ಟು ಚೆನ್ನಾಗಿರುವುದರಿಂದಲೇ ನಮಗೆ ಹೆಚ್ಚು ನೋವು, ನಿಮ್ಮ ಹೆಸರು ಕಂಡರೆ ಇನ್ನು ಮುಂದೆ ನಾವು ಎಚ್ಚರದಿಂದಿರಬೇಕಾಗುತ್ತದೆ, ಆದರೆ ನೀವು ಚಿಕ್ಕವರು, ನಿಮ್ಮ ಮುಂದೆ ಬೇಕಾದಷ್ಟು ಕಾಲವಿದೆ — ಗುರುಗಳ ತುಟಿ ಅಲ್ಲಿ ನಿಂತಿತು. ಅಯ್ಯೋ ದೇವರೇ, ಎಂದರು. ಆಮೇಲೆ, ಅವರಿಗೇನು ಗೊತ್ತು ಜಾರ್ಲತ್, ಈಗ್ಲೇ ಬರಿ, ಮಗಳು ತೀರಿಕೊಂಡಿದಾಳೆ, ತಪ್ಪು ನನ್ನದು ಅಂತ, ಎದೆ ಇರೋ ಮನುಷ್ಯರು ಯಾರಾದ್ರೂ ಇಲ್ಲ ಅಂತಾರಾ, ಓಡಿ ಬಂದು ಹಾಕ್ತಾರೆ, ಬೇಕಾದ್ರೆ ಫೋಟೋನೂ ಹಾಕ್ತಾರೆ. ಹಾಕ್ತಾರೆ ಫಾದರ್, ಎಂದ ಜಾರ್ಲತ್, ಅದಕ್ಕೇ. ಅದಕ್ಕೇ ಅಂದ್ರೆ, ಎಂದರು ಗುರುಗಳು. ಅವಳಿಗೆ ಹೂಂ ಅಂದಿದ್ದೀನಿ, ಎಂದ. ಸತ್ತವರಿಗೆ ಹಟ ಇರಲ್ಲಪ್ಪಾ, ಎಂದರು ಗುರುಗಳು ಮೆತ್ತಗೆ, ಅವರಿಗೆ ಎಲ್ಲಾ ಅರ್ಥ ಆಗಿರುತ್ತೆ, ಒಳಗೆ ಹೋಗಿ ಕಾಗದ ಪೆನ್ನು ತಂದು ಬೆಂಚಿನ ಮೇಲಿಟ್ಟು, ನಾನು ಆಮೇಲೆ ಬರ್ತೀನಿ ಎಂದು ಭುಜ ಒತ್ತಿ ಹೋದರು, ಕನ್ಸೆಪ್ಟಾ ಸೇವಂತಿಗೆ ಹಿಡಿದುಕೊಂಡು ನಿಂತೇ ಇದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ.

ಮಾನ್ಯರೇ, ಎಂದು ಬರೆದ, ನನ್ನ ಮಗಳು, ಎಂದು ಬರೆದ, ಪೆನ್ನು ನಿಂತಿತು, ಮುಂದಿನದು ಒಂದೇ ಶಬ್ದ, ಅದನ್ನು ಬರೆದರೆ ಕಥೆ ಬರುತ್ತದೆ, ಕಪ್ಪು ಅಂಚು ಕಟ್ಟಿ ಬರುತ್ತದೆ, ಊರೆಲ್ಲ ಓದಿ ಪಾಪ ಎನ್ನುತ್ತದೆ, ಪಾಪ ಎನ್ನಿಸಿಕೊಳ್ಳಲು ಅವಳು ಆ ಹೆಂಗಸನ್ನು ಅಷ್ಟು ಹೊತ್ತು ಬಸ್ಸಿಗೆ ನಿಲ್ಲಿಸಲಿಲ್ಲ — ಕಥೆಯಲ್ಲಿ ಇರುವುದು ಅಷ್ಟೆ, ಒಬ್ಬ ಹೆಂಗಸು ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುತ್ತದೆ, ಹತ್ತುವುದಿಲ್ಲ, ಯಾಕೇ ಹತ್ತಲ್ಲ ಎಂದು ಕೇಳಿದ್ದ, ಅದು ಗೊತ್ತಿದ್ರೆ ಕಥೆ ಯಾಕಪ್ಪಾ ಬರೀತಿದ್ದೆ ಎಂದಿದ್ದಳು — ಬರೆಯದಿದ್ದರೆ, ಡಬ್ಲಿನ್ನಿನಲ್ಲಿ ಒಂದು ಮೇಜಿನ ಹಿಂದೆ, ಕಾರ್ಕಿನಲ್ಲಿ ಒಂದು ಮೇಜಿನ ಹಿಂದೆ, ಈತ್ನಾ ಫ್ಯಾಲನ್ ಎಂದರೆ ಮೋಸಗಾತಿ, ಕಪಟಿ, ಎಚ್ಚರದಿಂದಿರಬೇಕಾದವಳು, ಕಾನ್ವೆಂಟಿನ ತೋಟದಲ್ಲಿ ಬಿದ್ದ ಸೇಬನ್ನೂ ಕೇಳದೆ ಎತ್ತಿಕೊಳ್ಳದಿದ್ದ ಹುಡುಗಿ, ಅವಳ ಹೆಸರು ಇನ್ನು ಲೋಕದಲ್ಲಿ ಉಳಿಯುವುದು ಆ ಇಬ್ಬರ ನೆನಪಿನಲ್ಲಿ ಮಾತ್ರ, ಹಾಗೆ ಉಳಿಯುತ್ತದೆ, ಹಾಗೆ ಉಳಿಯುವಂತೆ ಮಾಡಿದ್ದು ಅಪ್ಪ, ಶಿಲುಬೆಯ ಗುರುತು ಮಾಡಿ ಮಾಡಿ ಅಂಚೆಗೆ ಹಾಕಿದ ಅಪ್ಪ, ಎಲ್ಲ ಬಾಗಿಲನ್ನೂ ಒಂದೇ ಸಲ ತಟ್ಟಿದ ಅಪ್ಪ, ಕೊಟ್ಟ ಮಾತು ಮುರಿಯಲೋ ಅವಳ ಮಾನ ಕಳೆಯಲೋ, ಹೇಳು ತಾಯಿ, ಮಾತೆ ಮರಿಯಳೇ ನೀನಾದರೂ ಹೇಳು, ನನ್ನ ಮಗಳು, ನನ್ನ ಮಗಳು, ಶಾಯಿ ಒಣಗಿತು, ನನ್ನ ಮಗಳು — ಕೊನೆಯ ದಿನ ಕಣ್ಣು ತೆರೆಯಲೇ ಇಲ್ಲ, ಕರೆದರೆ ಓಗೊಡಲಿಲ್ಲ, ಕೊನೆಯ ಪ್ರಸಾದಕ್ಕೆ ಗುರುಗಳಿಗೆ ಹೇಳಿಕಳಿಸಿ ಆಗಿತ್ತು, ಇನ್ನೂ ಬಂದಿರಲಿಲ್ಲ, ಅವನು ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ತಾಗಿಸಿದ, ತುಟಿ ಬಿಚ್ಚಿತು, ಬಿಚ್ಚಿ ನಾಲಿಗೆ ಹೊರಗೆ ಬಂತು, ಬಿಳಿ ನಾಲಿಗೆ, ತುದಿ ನಡುಗುತ್ತಿತ್ತು, ಪರಮಪ್ರಸಾದಕ್ಕೋ ಸ್ಟಾಂಪಿಗೋ ಅವನಿಗೆ ತಿಳಿಯಲಿಲ್ಲ, ಈತ್ನಾ ಏನಮ್ಮಾ ಎಂದ, ಯಾವುದಮ್ಮಾ ಎಂದ, ಅವನ ಕೈಯಲ್ಲಿ ಎರಡೂ ಇರಲಿಲ್ಲ, ಕಣ್ಣು ಮುಚ್ಚಿಯೇ ಇತ್ತು, ನಾಲಿಗೆ ಒಳಗೆ ಹೋಗಲಿಲ್ಲ, ಚಾಚಿಕೊಂಡೇ ಇತ್ತು, ಅಷ್ಟು ಖಚಿತವಾಗಿ, ಚಾಚಿಕೊಂಡೇ —